ಉಪ್ಪುನೀರಿನ ಟ್ಯಾಂಕು, ಸಿಹಿನೀರಿನ ಲೆಕ್ಕ

ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯಿಂದ ಸಮುದ್ರಕ್ಕೆ ನಡೆದರೆ ಹತ್ತು ನಿಮಿಷ. ಹಾಗಾಗಿ ಪಡಸಾಲೆಯಲ್ಲಿ ಹವಳದ ಅಕ್ವೇರಿಯಂ ಕಟ್ಟುತ್ತೇನೆಂದು ಹೇಳಿದಾಗ ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ನೀರನ್ನು ಕೊಡದಲ್ಲಿ ಹೊತ್ತು ತಂದರಾಯಿತಲ್ಲ, ಅದಕ್ಕೇಕೆ ಇಷ್ಟು ಖರ್ಚು? ಮೊದಮೊದಲು ನನಗೂ ಹಾಗೆಯೇ ಅನಿಸಿತ್ತು. ಆದ್ದರಿಂದ ಗಾಜು ಕೊಳ್ಳುವ ಮೊದಲು, ಬೆಳಕು ಬಾಗುವುದನ್ನು ನೋಡಿ ನೀರಿನ ಉಪ್ಪನ್ನು ಅಳೆಯುವ ಒಂದು ರಿಫ್ರಾಕ್ಟೋಮೀಟರ್ ಕೊಂಡು, ಒಂದು ವರ್ಷ ಸಮುದ್ರದ ನೀರನ್ನೇ ಅಳೆದು ವಹಿಯಲ್ಲಿ ಬರೆದಿಟ್ಟೆ. ಜನವರಿಯಲ್ಲಿ ಟಾಗೋರ್ ಕಡಲತೀರದ ನೀರು 34 ಪಿಪಿಟಿ ತೋರಿಸಿತು, ಅಂದರೆ ಒಂದು ಕಿಲೊ ನೀರಿನಲ್ಲಿ 34 ಗ್ರಾಂ ಲವಣ. ಜುಲೈ ಕೊನೆಯ ವಾರ, ಘಟ್ಟದ ಮೇಲೆ ಎಂಟು ದಿನ ಬಿಡದೆ ಮಳೆ ಸುರಿದ ಮೇಲೆ, ಅದೇ ಜಾಗದಲ್ಲಿ 19 ಬಂತು. ಅದೇ ದಿನ ಕಾಳಿ ನದಿಯ ಅಳಿವೆಯಲ್ಲಿ ತೆಗೆದ ನೀರು 2ನ್ನೂ ದಾಟಲಿಲ್ಲ. ಹವಳಕ್ಕೆ ಬೇಕಾದದ್ದು ವರ್ಷವಿಡೀ ಒಂದೇ ಸಮನಾಗಿ 35. ನಮ್ಮ ಕರಾವಳಿಯ ದಡದ ನೀರು ಅದನ್ನು ಕೊಡುವುದು ವರ್ಷದ ಕೆಲವೇ ತಿಂಗಳು. ಆ ತಿಂಗಳುಗಳಲ್ಲಿಯೂ ಬೈತಖೋಲ್ ಬಂದರಿನ ಕಡೆಯ ದೋಣಿಗಳ ಡೀಸೆಲ್ ಪದರ, ಊರಿನ ಚರಂಡಿ, ಕೆಸರು ಇವೆಲ್ಲ ಅದರ ಜೊತೆಗೇ ಬರುತ್ತವೆ.

ಎರಡನೆಯ ಪ್ರಶ್ನೆ ಕುಮಟಾ ಕಡೆಯ ನೆಂಟರದು. ಸಾಣಿಕಟ್ಟಾದ ಉಪ್ಪು ಇರುವಾಗ ಡಬ್ಬಿಯ ಉಪ್ಪು ಏಕೆ ಎಂದು ಅವರು ಕೇಳಿದರು. ಇದು ಅಷ್ಟು ಹಗುರವಾದ ಪ್ರಶ್ನೆಯಲ್ಲ, ಏಕೆಂದರೆ ಸಾಣಿಕಟ್ಟಾದ ಉಪ್ಪು ಸಮುದ್ರದ ನೀರಿನಿಂದಲೇ ಆದದ್ದು. ಆದರೆ ಆಗರದಲ್ಲಿ ನೀರು ಇಂಗುತ್ತ ಹೋದಂತೆ ಲವಣಗಳೆಲ್ಲ ಒಟ್ಟಿಗೆ ಹರಳುಗಟ್ಟುವುದಿಲ್ಲ. ಮೊದಲು ಕ್ಯಾಲ್ಸಿಯಂ ಕಾರ್ಬೊನೇಟ್, ಅನಂತರ ಜಿಪ್ಸಂ ತಳ ಸೇರುತ್ತವೆ. ಆಮೇಲೆ ನಮ್ಮ ಅಡುಗೆಯ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಹರಳಾಗುತ್ತದೆ. ಮೆಗ್ನೀಸಿಯಂ ಲವಣಗಳು ಕೊನೆಯಲ್ಲಿ ಉಳಿಯುವ ಕಹಿನೀರಿನಲ್ಲೇ ಇದ್ದು ಅದರೊಡನೆ ಹೊರಗೆ ಹೋಗುತ್ತವೆ. ಒಳ್ಳೆಯ ಉಪ್ಪು ತೆಗೆಯುವುದೆಂದರೆ ಉಳಿದುದನ್ನೆಲ್ಲ ಬಿಡುವುದೇ. ಆ ಉಪ್ಪನ್ನು ಮತ್ತೆ ನೀರಿಗೆ ಹಾಕಿದರೆ ರುಚಿ ಸಮುದ್ರದ್ದಿರಬಹುದು. ಲೀಟರಿಗೆ 420 ಮಿಲಿಗ್ರಾಂ ಕ್ಯಾಲ್ಸಿಯಂ, 1,300 ಮಿಲಿಗ್ರಾಂ ಮೆಗ್ನೀಸಿಯಂ ಮಾತ್ರ ಅದರಲ್ಲಿ ಇರುವುದಿಲ್ಲ. ಆದ್ದರಿಂದ ಹವಳದ ಟ್ಯಾಂಕಿಗೆಂದೇ ಮಾಡಿದ ರೀಫ್ ಉಪ್ಪಿನ ಮಿಶ್ರಣವನ್ನೇ ತರಿಸಿದೆ. ಸಾಣಿಕಟ್ಟಾದ ಉಪ್ಪು ಈ ಕೆಲಸದಲ್ಲಿ ಎರಡು ಕಡೆ ಬೇರೆ ರೀತಿಯಲ್ಲಿ ಉಪಯೋಗಕ್ಕೆ ಬಂತು. ಅದನ್ನು ಮುಂದೆ ಹೇಳುತ್ತೇನೆ.

ಟ್ಯಾಂಕಿನ ಅಳತೆ 36 ಇಂಚು ಉದ್ದ, 18 ಅಗಲ, 18 ಎತ್ತರ. ಗಾಜು 10 ಮಿಲಿಮೀಟರ್ ದಪ್ಪ. ಅಂಚಿನವರೆಗೆ ತುಂಬಿದರೆ 191 ಲೀಟರ್. ಟ್ಯಾಂಕಿನ ನೀರು ಇಳಿದು ಬಂದು ಪಂಪಿನಿಂದ ಮತ್ತೆ ಮೇಲೇರುವ ಕೆಳಗಿನ ತೊಟ್ಟಿ, ಅಂದರೆ ಸಂಪ್, 24, 14, 14 ಇಂಚಿನದು, 77 ಲೀಟರ್ ಹಿಡಿಯುತ್ತದೆ. ಬಂಡೆ ಮತ್ತು ಮರಳು ಆಕ್ರಮಿಸಿದ ಜಾಗ ಕಳೆದು ವ್ಯವಸ್ಥೆಯ ಒಟ್ಟು ನೀರನ್ನು 200 ಲೀಟರ್ ಎಂದು ಹಿಡಿದಿದ್ದೇನೆ. ಸ್ಟ್ಯಾಂಡಿನ ವಿಷಯದಲ್ಲಿ ಅಂಗಡಿಯವರು ಕಬ್ಬಿಣದ ಚೌಕಟ್ಟು ಅಥವಾ ಪ್ಲೈವುಡ್ ಎಂದರು. ಈ ಊರಿನಲ್ಲಿ ಕಿಟಕಿಯ ಸರಳೇ ಮೂರು ವರ್ಷಕ್ಕೆ ತುಕ್ಕು ಹಿಡಿದು ಪದರ ಬಿಡುವಾಗ, ಉಪ್ಪುನೀರು ತೊಟ್ಟಿಕ್ಕುವ ಜಾಗದಲ್ಲಿ ಕಬ್ಬಿಣ ನಿಲ್ಲಿಸಲು ಮನಸ್ಸಾಗಲಿಲ್ಲ. ಪ್ಲೈವುಡ್ ಒಂದು ಮಳೆಗಾಲಕ್ಕೇ ಉಬ್ಬುತ್ತದೆ. ಕೊನೆಗೆ ಗೌಂಡಿಯನ್ನು ಕರೆಸಿ ಚಿರೆಕಲ್ಲಿನ ಎರಡು ಕಂಬ ಕಟ್ಟಿಸಿ, ನಡುವೆ ಸಂಪ್ ಕೂರುವಷ್ಟು 28 ಇಂಚು ಜಾಗ ಬಿಟ್ಟು, ಮೇಲೆ 40 ಮಿಲಿಮೀಟರಿನ ಗ್ರಾನೈಟ್ ಚಪ್ಪಡಿ ಇಡಿಸಿದೆ. ನೀರು, ಗಾಜು, ಬಂಡೆ, ಮರಳು ಸೇರಿ 270 ಕಿಲೊ ದಾಟುತ್ತದೆ. ಚಪ್ಪಡಿಯ ಮೇಲೆ ಮಟ್ಟಗೋಲು ಇಟ್ಟು ನೋಡಿ, ಅರ್ಧ ಇಂಚು ಥರ್ಮೊಕೋಲ್ ಹಾಸಿ ಟ್ಯಾಂಕ್ ಕೂರಿಸಿದೆವು. ಕಂಬಗಳಿಗೆ ಗಿಲಾಯಿ ಮಾಡಿಸಲಿಲ್ಲ. ಮಾಡಿಸಬೇಕಿತ್ತು: ಚಿರೆಕಲ್ಲು ಚೆಲ್ಲಿದ ಉಪ್ಪುನೀರನ್ನು ಹೀರಿ, ಈಗ ಅದರ ಮೇಲೆ ಬಿಳಿ ಪುಡಿ ಬಿಡುತ್ತಿದೆ.

ಬಂಡೆಯನ್ನು ಮನೆಯಲ್ಲೇ ಮಾಡಿದ್ದು ಈ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಭಾಗ. ಸಮುದ್ರದಿಂದ ಹವಳದ ಕಲ್ಲು ತರುವ ಮಾತೇ ಇಲ್ಲ. ಮುರ್ಡೇಶ್ವರದ ಎದುರಿನ ನೇತ್ರಾಣಿಯ ಸುತ್ತ ಹವಳವಿದೆ, ನಿಜ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಎಲ್ಲ ಕಲ್ಲುಹವಳಗಳು, ಕರಿಹವಳ, ಬೆಂಕಿಹವಳ ಹಾಗೂ ಸಮುದ್ರ ಬೀಸಣಿಗೆಗಳನ್ನು ಸೇರಿಸಲಾಗಿದೆ, ಹಾಗಾಗಿ ಬಲೆಗೆ ಸಿಕ್ಕಿ ದಡಕ್ಕೆ ಬಂದ ತುಂಡನ್ನೂ ಮುಟ್ಟದಿರುವುದೇ ಸರಿ. ನಾನು ಬಳಸಿದ್ದು ಅಘನಾಶಿನಿ ಕಡೆಯಿಂದ ತರಿಸಿದ, ಸುಣ್ಣದ ಗೂಡಿಗೆ ಹೋಗಬೇಕಿದ್ದ ಬಳಚಿನ ಚಿಪ್ಪು. ಅದನ್ನು ತೊಳೆದು, ಒಣಗಿಸಿ, ಗೋಣಿಚೀಲದಲ್ಲಿ ಕಟ್ಟಿ ಕುಟ್ಟಿ, ಒಂದು ಪಾಲು ಬಿಳಿ ಸಿಮೆಂಟಿಗೆ ಮೂರು ಪಾಲು ಚಿಪ್ಪಿನ ನುಚ್ಚು, ಒಂದೂವರೆ ಪಾಲು ಸಾಣಿಕಟ್ಟಾದ ಹರಳುಪ್ಪು ಬೆರೆಸಿದೆ. ನೀರು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು; ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ರಸ ಇಳಿಯಬಾರದು. ಹಸಿ ಮರಳಿನಲ್ಲಿ ತೋಡಿದ ಗುಂಡಿಗಳಿಗೆ ಇದನ್ನು ತುಂಬಿ, ನಡುವೆ ಒಣಮರಳಿನ ಉಂಡೆಗಳನ್ನು ಹುದುಗಿಸಿಟ್ಟರೆ, ಗಟ್ಟಿಯಾದ ಮೇಲೆ ಆ ಮರಳು ಉದುರಿ ಗುಹೆಗಳಾಗುತ್ತವೆ. ಹರಳುಪ್ಪು ನೀರಿನಲ್ಲಿ ಕರಗಿ ಕಲ್ಲಿನ ತುಂಬ ಸಣ್ಣ ರಂಧ್ರಗಳು ಉಳಿಯುತ್ತವೆ. ಆ ರಂಧ್ರಗಳೇ ಮುಂದೆ ಬ್ಯಾಕ್ಟೀರಿಯಾಗಳ ಮನೆ.

ಹಸಿ ಸಿಮೆಂಟಿನಿಂದ ಕ್ಷಾರ ಬಿಡುತ್ತಲೇ ಇರುತ್ತದೆ. ಅದನ್ನು ಹಾಗೆಯೇ ಟ್ಯಾಂಕಿಗೆ ಹಾಕಿದರೆ ಪಿಎಚ್ 10ಕ್ಕೂ ಮೇಲೆ ಹೋಗುತ್ತದೆ. ಇದನ್ನು ತೊಳೆಯಲು ವಾರಕ್ಕೆರಡು ಬಾರಿ ನೀರು ಬದಲಿಸುತ್ತ ಆರೆಂಟು ವಾರ ನೆನೆಸಬೇಕು ಎನ್ನುತ್ತಾರೆ. ನಾನು ಹದಿನಾಲ್ಕು ಕಲ್ಲುಗಳನ್ನೂ ಜೂನ್ ಮೊದಲ ವಾರ ಹಿತ್ತಿಲ ಸೂರಿನ ಕೆಳಗೆ ಸಾಲಾಗಿ ಇಟ್ಟುಬಿಟ್ಟೆ. ಹೆಂಚಿನಿಂದ ಇಳಿಯುವ ಸೂರುನೀರು ಜೂನ್, ಜುಲೈ, ಅರ್ಧ ಆಗಸ್ಟ್ ಅವುಗಳ ಮೇಲೆ ಧಾರೆಯಾಗಿ ಬಿತ್ತು. ಆಗಸ್ಟಿನಲ್ಲಿ ಬಕೆಟ್ಟಿನಲ್ಲಿ ಮೂರು ದಿನ ಮುಳುಗಿಸಿಟ್ಟು ನೋಡಿದಾಗ ನೀರಿನ ಪಿಎಚ್ 8.4ರಲ್ಲಿ ನಿಂತಿತ್ತು. ಪಾಚಿ ಹಿಡಿದಿತ್ತು, ಅದನ್ನು ತೆಂಗಿನ ನಾರಿನಿಂದ ಉಜ್ಜಿ ಬಿಸಿಲಿಗೆ ಹಾಕಿದೆ. ಒಂದು ಕಲ್ಲು ಎರಡಾಗಿ ಒಡೆಯಿತು. ಉಳಿದ ಹದಿಮೂರು, ತೂಕದಲ್ಲಿ ಸುಮಾರು 18 ಕಿಲೊ, ಸಾಕಾದವು.

ಸೋರಿಕೆ ಪರೀಕ್ಷೆಗೆ ಬಾವಿಯ ನೀರನ್ನೇ ತುಂಬಿ ಪಂಪ್ ಚಾಲು ಮಾಡಿದ್ದೆ. ಗಾಜು ಎಲ್ಲಿಯೂ ಸೋರಲಿಲ್ಲ, ಆದರೆ ರಾತ್ರಿ ಕರೆಂಟ್ ಹೋದದ್ದು ಗೊತ್ತಾದದ್ದು ಬೆಳಿಗ್ಗೆ ರೆಡ್ ಆಕ್ಸೈಡ್ ನೆಲದ ಮೇಲೆ ಕಾಲು ಜಾರಿದಾಗ. ಪಂಪ್ ನಿಂತೊಡನೆ, ನೀರನ್ನು ಮೇಲಕ್ಕೆ ಒಯ್ಯುವ ಪೈಪೇ ಸೈಫನ್ ಆಗಿ ಟ್ಯಾಂಕಿನ ನೀರನ್ನು ಸಂಪಿಗೆ ಎಳೆದಿತ್ತು. ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಮೂರು ಇಂಚು ಕೆಳಗಿತ್ತು. ಈ ಟ್ಯಾಂಕಿನಲ್ಲಿ ಒಂದು ಇಂಚು ನೀರೆಂದರೆ 10.6 ಲೀಟರ್, ಮೂರು ಇಂಚಿಗೆ 32. ಸಂಪಿನಲ್ಲಿ ನಾನು 50 ಲೀಟರ್ ನಿಲ್ಲಿಸಿದ್ದರಿಂದ ಉಳಿದ ಜಾಗ 27. ಲೆಕ್ಕಕ್ಕೆ ಸರಿಯಾಗಿ ಐದು ಲೀಟರ್ ನೆಲದ ಮೇಲಿತ್ತು. ಬಾವಿಯ ನೀರಾಗಿದ್ದರಿಂದ ಒರೆಸಿದರೆ ಮುಗಿಯಿತು.

ದುರಸ್ತಿ ಸಣ್ಣದು. ಪೈಪಿನ ಬಾಯಿಯನ್ನು ಮೇಲಕ್ಕೆ ತಿರುಗಿಸಿ, ನೀರಿನ ಮಟ್ಟದಿಂದ ಅರ್ಧ ಇಂಚು ಕೆಳಗೆ ಪೈಪಿನಲ್ಲಿ 6 ಮಿಲಿಮೀಟರಿನ ಒಂದು ತೂತು ಕೊರೆದೆ. ಟ್ಯಾಂಕಿನ ಮಟ್ಟ ಅಷ್ಟು ಇಳಿದೊಡನೆ ತೂತಿನಿಂದ ಗಾಳಿ ಒಳಹೊಕ್ಕು ಸೈಫನ್ ಕಡಿಯುತ್ತದೆ. ಸಂಪಿನ ಗಾಜಿನ ಮೇಲೆ ಕೆಂಪು ಟೇಪಿನ ಗೆರೆ ಎಳೆದು, 45 ಲೀಟರಿಗಿಂತ ಮೇಲೆ ಎಂದಿಗೂ ತುಂಬಬಾರದೆಂದು ಬರೆದೆ. ಅನಂತರ ಸ್ವಿಚ್ಚನ್ನು ಹತ್ತು ಬಾರಿ ಆರಿಸಿ ಹಚ್ಚಿ ನೋಡಿದೆ; ಪ್ರತಿ ಬಾರಿಯೂ ನೀರು ಸಂಪಿನ ಅಂಚಿಗೆ ಮೂರು ಇಂಚು ಕೆಳಗೇ ನಿಂತಿತು. ಆ ತೂತಿನಲ್ಲಿ ಪಾಚಿ ಕಟ್ಟುತ್ತದೆ, ಒಮ್ಮೆ ಒಂದು ಮರಿಶಂಖವೇ ಬಂದು ಕೂತಿತ್ತು. ತಿಂಗಳಿಗೊಮ್ಮೆ ಹಿಡಿಕಡ್ಡಿ ಹಾಕಿ ಬಿಡಿಸುವುದು ನನ್ನ ವಹಿಯ ಮೊದಲ ಸಾಲು. ಇದೇ ಹೊತ್ತಿನಲ್ಲಿ ವಿದ್ಯುತ್ತಿನ ಕೆಲಸವನ್ನೂ ಮುಗಿಸಿದೆವು: ಈ ಒಂದು ಲೈನಿಗೆ ಪ್ರತ್ಯೇಕವಾಗಿ, ವಿದ್ಯುತ್ ಸೋರಿದರೆ ಲೈನನ್ನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಪ್ಲಗ್ಗುಗಳೆಲ್ಲ ಟ್ಯಾಂಕಿನ ಪಕ್ಕದ ಗೋಡೆಯಲ್ಲಿ ಎತ್ತರಕ್ಕೆ, ಪ್ರತಿ ವೈರೂ ಪ್ಲಗ್ಗಿಗೆ ಏರುವ ಮೊದಲು ಒಮ್ಮೆ ಜೋತುಬಿದ್ದು ಏರುವಂತೆ. ವೈರಿನ ಗುಂಟ ಇಳಿಯುವ ಉಪ್ಪುನೀರು ಆ ಜೋತುಬಿದ್ದ ಜಾಗದಿಂದಲೇ ತೊಟ್ಟಿಕ್ಕಿ ಕೆಳಗೆ ಬೀಳುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.

ಇನ್ನು ನೀರು. ನಮ್ಮದು ಚಿರೆಕಲ್ಲಿನ ಬಾವಿ. ಮಳೆಗಾಲದಲ್ಲಿ ಅದರ ಟಿಡಿಎಸ್, ಅಂದರೆ ಕರಗಿದ ಲವಣಗಳ ಅಳತೆ, 70ರ ಆಸುಪಾಸು. ಆರ್‌ಒ ಶೋಧಕದ ಪೊರೆ ದಾಟಿ ಬಂದರೆ 3. ಉಳಿದ ಲವಣವನ್ನೂ ಹಿಡಿದುಕೊಳ್ಳುವ ಮುಂದಿನ ಡಿಐ ರಾಳದಲ್ಲಿ ಇಳಿದರೆ ಸೊನ್ನೆ. ಇಷ್ಟು ಒಳ್ಳೆಯ ನೀರಿಗೆ ಆರ್‌ಒ ಬೇಕೇ ಎಂದು ಅನಿಸಬಹುದು. ಟಿಡಿಎಸ್ ಮೀಟರ್ ಸಿಲಿಕೇಟನ್ನು ಸರಿಯಾಗಿ ಎಣಿಸುವುದಿಲ್ಲ, ಕಬ್ಬಿಣದ ಅಂಶವಂತೂ ನಮ್ಮ ಬಕೆಟ್ಟುಗಳ ಕಂದು ಕಲೆಯಲ್ಲೇ ಕಾಣುತ್ತದೆ. ಎರಡೂ ಪಾಚಿಗೆ ಹಬ್ಬ. ಮೇ ತಿಂಗಳಲ್ಲಿ ಮಾತ್ರ ಇದೇ ಬಾವಿ ಸವಳಾಗಿ 640 ತೋರಿಸಿತು. ಆಗ ಆರ್‌ಒ ಕೊಟ್ಟದ್ದು 25, ಮತ್ತು ನಾಲ್ಕು ತಿಂಗಳು ಬರಬೇಕಾದ ರಾಳ ಐದು ವಾರಕ್ಕೇ ಮುಗಿಯಿತು. ಈ ವರ್ಷದಿಂದ ಮಾರ್ಚ್ ಕೊನೆಯಲ್ಲಿ, ಬಾವಿ ಕೆಡುವ ಮೊದಲೇ, 200 ಲೀಟರಿನ ಎರಡು ಆಹಾರದರ್ಜೆಯ ಡ್ರಮ್ಮುಗಳನ್ನು ಶುದ್ಧನೀರಿನಿಂದ ತುಂಬಿಸಿ ಮುಚ್ಚಿಡುತ್ತೇನೆ. ಬೇಸಿಗೆಯಲ್ಲಿ ಆವಿಯಾಗುವ ನೀರು ದಿನಕ್ಕೆ 4 ಲೀಟರ್, ವಾರಕ್ಕೊಮ್ಮೆ ಬದಲಿಸುವ 20 ಲೀಟರನ್ನು ಹಂಚಿದರೆ ದಿನಕ್ಕೆ ಇನ್ನೂ 3. ಎರಡು ತಿಂಗಳಿಗೆ ಸರಿಯಾಗಿ ಸಾಕು, ಅಷ್ಟರಲ್ಲಿ ಮಳೆ ಬಂದಿರುತ್ತದೆ. ಆರ್‌ಒ ಹೊರಗೆ ಬಿಡುವ ನೀರು ತೆಂಗಿನ ಬುಡಕ್ಕೆ ಹೋಗುತ್ತದೆ.

ಉಪ್ಪು ಕಲಸುವಾಗ ಎರಡು ಮಾತು ನೆನಪಿಡಬೇಕು. ನೀರಿಗೆ ಉಪ್ಪು ಹಾಕಬೇಕೇ ಹೊರತು ಉಪ್ಪಿನ ಮೇಲೆ ನೀರು ಹೊಯ್ಯಬಾರದು, ಹೊಯ್ದರೆ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಸೇರಿಕೊಂಡು ತಳದಲ್ಲಿ ಬಿಳಿ ಕೆಸರಾಗುತ್ತದೆ. ಇನ್ನೊಂದು, ಮೀಟರನ್ನು ಕಣ್ಣುಮುಚ್ಚಿ ನಂಬಬಾರದು. ಲೀಟರಿಗೆ 37 ಗ್ರಾಂ ಲೆಕ್ಕದಲ್ಲಿ 200 ಲೀಟರಿಗೆ 7.4 ಕಿಲೊ ಹಾಕಿ, ಒಂದು ದಿನ ಪಂಪಿನಿಂದ ತಿರುಗಿಸಿದ ಮೇಲೆ ನನ್ನ ರಿಫ್ರಾಕ್ಟೋಮೀಟರ್ 38 ತೋರಿಸಿತು. ಅದನ್ನು ಶುದ್ಧನೀರಿನಲ್ಲಿ ಸೊನ್ನೆಗೆ ಹೊಂದಿಸಿದ್ದೆ, ಆದರೆ ಸೊನ್ನೆಯಲ್ಲಿ ಸರಿಯಿರುವ ಮೀಟರ್ 35ರಲ್ಲಿಯೂ ಸರಿಯಿರಬೇಕೆಂದೇನಿಲ್ಲ. 963.5 ಗ್ರಾಂ ಶುದ್ಧನೀರಿನಲ್ಲಿ 36.5 ಗ್ರಾಂ ಅಡುಗೆ ಉಪ್ಪು ಕರಗಿಸಿದರೆ, ಆ ದ್ರಾವಣ ಬೆಳಕನ್ನು 35 ಪಿಪಿಟಿಯ ಸಮುದ್ರದ ನೀರಿನಷ್ಟೇ ಬಾಗಿಸುತ್ತದೆ. ಸಾಣಿಕಟ್ಟಾದ ಉಪ್ಪಿನ ಎರಡನೆಯ ಉಪಯೋಗ ಇದೇ: ಅದನ್ನು ಬಾಣಲೆಯಲ್ಲಿ ಹುರಿದು ತೇವ ಕಳೆದು, ಪರಿಚಯದ ಶೇಟರ ಅಂಗಡಿಯಲ್ಲಿ ಚಿನ್ನ ತೂಗುವ ತಕ್ಕಡಿಯ ಮೇಲೆ 36.5 ಗ್ರಾಂ ತೂಗಿಸಿಕೊಂಡು ಬಂದೆ. ಆ ದ್ರಾವಣಕ್ಕೆ ಮೀಟರ್ ಕೊಟ್ಟ ಉತ್ತರವೂ 38! ಮೂರು ಅಂಕೆಯ ತಪ್ಪು. ಹಿಂದಿನ ವರ್ಷ ಸಮುದ್ರದಲ್ಲಿ ಬರೆದುಕೊಂಡ ಅಂಕೆಗಳು ಬೇರೊಂದು, ಎರವಲು ತಂದು ಪರೀಕ್ಷಿಸಿದ ಮೀಟರಿನೊಡನೆ ತಾಳೆ ನೋಡಿದವು, ಹಾಗಾಗಿ ಅವು ಉಳಿದವು. ಈ ನಡುವೆ ನನ್ನ ಮೀಟರ್ ಒಮ್ಮೆ ಮೇಜಿನಿಂದ ಬಿದ್ದಿತ್ತು.

ಶೇಟರ ತಕ್ಕಡಿಗೆ ಇನ್ನೊಂದು ಕೆಲಸ ಕಾದಿತ್ತು. ಹೊಸ ಟ್ಯಾಂಕಿನಲ್ಲಿ ಮೀನು ಬಿಡುವ ಮೊದಲು ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾ ಬೆಳೆಯಬೇಕು. ಕೆಲವರು ಇದಕ್ಕೆ ಸಿಗಡಿಯ ತುಂಡನ್ನು ಕೊಳೆಸುತ್ತಾರೆ. ಎಷ್ಟು ಅಮೋನಿಯಾ ಹೋಯಿತೆಂಬ ಲೆಕ್ಕ ಅದರಲ್ಲಿ ಸಿಗುವುದಿಲ್ಲ, ಪಡಸಾಲೆಯಲ್ಲಿ ಕೂರಲೂ ಆಗುವುದಿಲ್ಲ. ನಾನು ಬಳಸಿದ್ದು ಅಮೋನಿಯಂ ಕ್ಲೋರೈಡ್, ಅಂದರೆ ಕಲಾಯಿ ಹಾಕುವವರ ನವಸಾಗರ. ಕಲಾಯಿಯವರದು ಕಲಬೆರಕೆಯಿರಬಹುದೆಂದು ಪ್ರಯೋಗಾಲಯದ ದರ್ಜೆಯದನ್ನೇ ತರಿಸಿದೆ. 200 ಲೀಟರಿಗೆ 1.26 ಗ್ರಾಂ ಹಾಕಿದರೆ ಅಮೋನಿಯಾ ಲೀಟರಿಗೆ 2 ಮಿಲಿಗ್ರಾಂ ಆಗುತ್ತದೆ. ಎಂಟು ದಿನ ಏನೂ ಆಗಲಿಲ್ಲ. ಒಂಬತ್ತನೆಯ ದಿನ ಪರೀಕ್ಷೆಯ ಹಸಿರು ಸ್ವಲ್ಪ ತಿಳಿಯಾಯಿತು, ಹದಿನಾರಕ್ಕೆ ಅಮೋನಿಯಾ 0.25ಕ್ಕೆ ಇಳಿದು ನೈಟ್ರೈಟ್ ಕಡುನೇರಳೆಗೆ ಏರಿತು. ಇನ್ನೆರಡು ಬಾರಿ ಅದೇ ಪ್ರಮಾಣ ಹಾಕಿದೆ. ಮೂವತ್ತೊಂದನೆಯ ದಿನ ಹಾಕಿದ್ದು ಇಪ್ಪತ್ತನಾಲ್ಕು ತಾಸಿನೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾಗಿ, ನೈಟ್ರೇಟ್ 20ರ ಆಸುಪಾಸಿಗೆ ನಿಂತಿತು. ಮೂರು ಬಾರಿಯ 2 ಮಿಲಿಗ್ರಾಂ ಅಮೋನಿಯಾ ಪೂರ್ತಿ ನೈಟ್ರೇಟಾದರೆ 22 ಆಗಬೇಕು, ಲೆಕ್ಕ ಕೂಡಿತು. ಅರ್ಧ ನೀರು ಬದಲಿಸಿದೆ.

ಅನಂತರದ ಆರು ವಾರ ನೋಡಲು ಚೆಂದವಿರಲಿಲ್ಲ. ಮೊದಲು ಮರಳಿನ ಮೇಲೆ ಡಯಾಟಮ್ ಎಂಬ ಕಂದು ಸೂಕ್ಷ್ಮಪಾಚಿ, ಆಮೇಲೆ ಬಂಡೆಯ ಮೇಲೆ ಕೂದಲಿನಂಥ ಹಸಿರು ಪಾಚಿ. ಔಷಧಿ ಹಾಕಲಿಲ್ಲ. ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಸಣ್ಣ ಪೈಪಿನಿಂದ ಎಳೆದು ತೆಗೆದೆ, ಒಂದು ಡಜನ್ ಶಂಖದ ಹುಳುಗಳನ್ನು ಬಿಟ್ಟೆ, ಬೆಳಕನ್ನು ದಿನಕ್ಕೆ ಏಳು ತಾಸಿಗೆ ಇಳಿಸಿದೆ.

ಮೀನು ಎರಡೇ. ಎರಡೂ ಕ್ಲೌನ್, ಅಂಫಿಪ್ರಿಯಾನ್ ಒಸೆಲ್ಲಾರಿಸ್ ಜಾತಿಯವು, ಸಾಕಣೆಯಲ್ಲಿ ಹುಟ್ಟಿದವು. ನಮ್ಮ ದೇಶದಲ್ಲಿ ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮಂಡಪಂ ಮತ್ತು ವಿಳಿಂಜಂ ಕೇಂದ್ರಗಳು ರೂಪಿಸಿರುವುದರಿಂದ, ಸಮುದ್ರದಿಂದ ಹಿಡಿದ ಮೀನನ್ನು ಕೊಳ್ಳುವ ಕಾರಣವೇ ಉಳಿದಿಲ್ಲ. ನಾಲ್ಕು ವಾರ 40 ಲೀಟರಿನ ಬೇರೆ ಟಬ್ಬಿನಲ್ಲಿ ಇಟ್ಟು ಬಿಳಿಚುಕ್ಕೆ ರೋಗವಿಲ್ಲವೆಂದು ಖಚಿತವಾದ ಮೇಲೆ ಟ್ಯಾಂಕಿಗೆ ಬಿಟ್ಟೆ. ಆ ರೋಗಕ್ಕೆ ಕೊಡುವ ತಾಮ್ರದ ಔಷಧಿ ಶಂಖ, ಹವಳಗಳಿಗೆ ವಿಷ, ಹಾಗಾಗಿ ರೋಗ ಒಳಗೆ ಬಂದ ಮೇಲೆ ದಾರಿ ಇಲ್ಲ. ಈ ಮೀನುಗಳೆಲ್ಲ ಹುಟ್ಟುವಾಗ ಗಂಡು. ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ನಮ್ಮಲ್ಲಿ ಯಾರು ಯಾರೆಂದು ತೀರ್ಮಾನವಾಗಲು ಎಂಟು ತಿಂಗಳು ಹಿಡಿಯಿತು.

ಹವಳಗಳಲ್ಲಿ ಕಲ್ಲುಹವಳ ಒಂದೂ ಇಲ್ಲ. ಇರುವುದು ಬೆಂಗಳೂರಿನ ಹವ್ಯಾಸಿಯೊಬ್ಬರು ತಮ್ಮ ಟ್ಯಾಂಕಿನಲ್ಲೇ ಬೆಳೆಸಿ ತುಂಡು ಮಾಡಿ ಕೊಟ್ಟ, ಸಣ್ಣ ಹೂಗಳ ಗುಂಪಿನಂತೆ ಬೆಳೆಯುವ ಜೊಆಂತಿಡ್, ಅಣಬೆ ಹವಳ ಮತ್ತು ಹಸಿರು ನಕ್ಷತ್ರದ ಹವಳ. ಜೊಆಂತಿಡ್‌ಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಉಗ್ರ ವಿಷವಿರುತ್ತದೆ. ಅದನ್ನು ಕತ್ತರಿಸುವಾಗ ಕೈಗವಸು, ಕನ್ನಡಕ ಹಾಕಿಕೊಳ್ಳುತ್ತೇನೆ. ಅದು ಅಂಟಿದ ಕಲ್ಲನ್ನು ಶುಚಿಮಾಡಲೆಂದು ಬಿಸಿನೀರಿನಲ್ಲಿ ಕುದಿಸುವ ಯೋಚನೆಯನ್ನಂತೂ ಯಾರೂ ಮಾಡಬಾರದು, ಏಕೆಂದರೆ ಆ ಆವಿಯಿಂದ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಉದಾಹರಣೆಗಳಿವೆ.

ಫೆಬ್ರವರಿಯಲ್ಲಿ ಒಂದು ಮದುವೆಗೆ ಶಿರಸಿಗೆ ಹೋದೆವು, ನಾಲ್ಕು ದಿನ. ಟ್ಯಾಂಕನ್ನು ಅಕ್ಕನ ಮಗನಿಗೆ ಒಪ್ಪಿಸಿ, ಸಂಪಿನ ನೀರು ಕೆಂಪು ಗೆರೆಗಿಂತ ಇಳಿದರೆ ಕ್ಯಾನಿನಿಂದ ತುಂಬು ಎಂದು ಹೇಳಿದ್ದೆ. ಕ್ಯಾನುಗಳು ಎರಡು, ನೋಡಲು ಒಂದೇ ತರಹ. ಒಂದರಲ್ಲಿ ಶುದ್ಧನೀರು, ಇನ್ನೊಂದರಲ್ಲಿ ನೀರು ಬದಲಿಸಲು ಕಲಸಿಟ್ಟ ಉಪ್ಪುನೀರು. ಹುಡುಗ ಬುದ್ಧಿವಂತ, ಬೆರಳು ಅದ್ದಿ ರುಚಿ ನೋಡಿ ಉಪ್ಪಿನದನ್ನೇ ಆರಿಸಿದ: ಉಪ್ಪುನೀರಿನ ಟ್ಯಾಂಕಿಗೆ ಉಪ್ಪುನೀರು. ನಾವು ಮರಳಿದಾಗ ಜೊಆಂತಿಡ್‌ಗಳೆಲ್ಲ ಮೊಗ್ಗಿನಂತೆ ಮುಚ್ಚಿಕೊಂಡಿದ್ದವು, ಮೀಟರ್ 38ರ ಹತ್ತಿರ ತೋರಿಸಿತು. ಈ ಬಾರಿ ಮೀಟರ್ ತಪ್ಪಿರಲಿಲ್ಲ. ಟ್ಯಾಂಕಿನಿಂದ ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಒಂದು ಕಾಳೂ ಹೋಗುವುದಿಲ್ಲ. ಹೋದ 16 ಲೀಟರ್ ಸಿಹಿನೀರಿನ ಜಾಗಕ್ಕೆ 16 ಲೀಟರ್ ಉಪ್ಪುನೀರು ಬಂದಾಗ 560 ಗ್ರಾಂ ಉಪ್ಪು ಹೆಚ್ಚಾಗಿತ್ತು. ಒಮ್ಮೆಲೇ ಇಳಿಸಿದರೆ ಜೀವಿಗಳಿಗೆ ಅದೂ ಪೆಟ್ಟೇ ಆದ್ದರಿಂದ, ದಿನಕ್ಕೆ ಐದಾರು ಲೀಟರ್ ತೆಗೆದು ಶುದ್ಧನೀರು ಹಾಕುತ್ತ, ಮೂರು ದಿನದಲ್ಲಿ 35ಕ್ಕೆ ತಂದೆ. ಈಗ ಉಪ್ಪುನೀರು ನೀಲಿ ಕ್ಯಾನಿನಲ್ಲಿದೆ. ಈ ಸಂಗತಿಯನ್ನು ಯಾವ ವಿವರಣೆಯೂ ಇಲ್ಲದೆ ಥಟ್ಟನೆ ಹಿಡಿದವರು ಕುಮಟಾ ಹತ್ತಿರ ಗಜನಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯ, ಬೇಸಾಯ ಮಾಡುವ ನಮ್ಮ ಭಾವ ಒಬ್ಬರೇ. ಬೇಸಿಗೆಯಲ್ಲಿ ಗಜನಿಯ ಮೇಲೆ ಉಪ್ಪು ಕೆನೆಗಟ್ಟುವುದನ್ನೂ, ಮೊದಲ ಮಳೆ ಅದನ್ನು ತೊಳೆದ ಮೇಲೆಯೇ ಕಗ್ಗ ಭತ್ತ ಬಿತ್ತುವುದನ್ನೂ ಅವರು ಹುಟ್ಟಿನಿಂದ ನೋಡಿದ್ದಾರೆ.

ಏಪ್ರಿಲ್, ಮೇ ತಿಂಗಳುಗಳು ಸೆಕೆಯವು. ಮಧ್ಯಾಹ್ನ ನಾಲ್ಕಕ್ಕೆ ನೀರು 30.4 ಡಿಗ್ರಿಗೆ ಏರಿತು, 28ರೊಳಗೆ ಇರಬೇಕು. ಚಿಲ್ಲರ್‌ನ ಬೆಲೆ ಟ್ಯಾಂಕಿನ ಬೆಲೆಯನ್ನು ಮೀರುತ್ತದೆ, ಮತ್ತು ಅದು ನೀರಿನಿಂದ ತೆಗೆದ ಶಾಖವನ್ನು ನಮ್ಮ ಪಡಸಾಲೆಗೇ ಬಿಡುತ್ತದೆ. ಬದಲಿಗೆ ಸಂಪಿನ ಮೇಲೊಂದು, ಟ್ಯಾಂಕಿನ ಮೇಲೊಂದು 12 ವೋಲ್ಟಿನ ಸಣ್ಣ ಫ್ಯಾನ್ ಕಟ್ಟಿ, ಬೆಳಕಿನ ತಾಸುಗಳನ್ನು ಸಂಜೆ ನಾಲ್ಕರಿಂದ ರಾತ್ರಿ ಹನ್ನೊಂದಕ್ಕೆ ಸರಿಸಿದೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.67 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಒಯ್ಯುತ್ತದೆ. ಫ್ಯಾನಿನಿಂದ ದಿನಕ್ಕೆ ಎರಡು ಲೀಟರ್ ಹೆಚ್ಚು ಆವಿಯಾಯಿತು, ನೀರು ಎರಡು ಡಿಗ್ರಿ ಇಳಿಯಿತು. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಇದಕ್ಕಿಂತ ಹೆಚ್ಚನ್ನು ಫ್ಯಾನಿನಿಂದ ನಿರೀಕ್ಷಿಸಬಾರದು. ಮಳೆಗಾಲದಲ್ಲಿ ಗಾಳಿ ನೀರುಂಡು ಫ್ಯಾನ್ ಕೆಲಸಕ್ಕೆ ಬಾರದಾಗುತ್ತದೆ, ಆದರೆ ಅಷ್ಟು ಹೊತ್ತಿಗೆ ಅದರ ಅಗತ್ಯವೂ ಇರುವುದಿಲ್ಲ.

ಸೆಕೆಯ ಜೊತೆಗೇ ಇನ್ನೊಂದು ಅಂಕೆ ಇಳಿಯುತ್ತಿತ್ತು. ನವೆಂಬರಿನಲ್ಲಿ 8.4 ಇದ್ದ ಕ್ಷಾರೀಯತೆ, ಅಂದರೆ ನೀರಿನಲ್ಲಿ ಕರಗಿದ ಕಾರ್ಬೊನೇಟುಗಳ ಅಳತೆ, ಡಿಕೆಎಚ್ ಎಂಬ ಮಾನದಲ್ಲಿ, ಮಾರ್ಚ್ ಕೊನೆಗೆ 6.6. ಇದಕ್ಕೆ ಜಗತ್ತಿನ ರೀಫ್ ಹವ್ಯಾಸಿಗಳು ಹಾಕುವುದು ಕಾಲ್ಕ್‌ವಾಸರ್. ಜರ್ಮನ್ ಭಾಷೆಯ ಆ ಮಾತಿಗೆ ಸುಣ್ಣದ ನೀರು ಎಂದರ್ಥ. ಅಜ್ಜಿಯ ಎಲೆಯಡಿಕೆ ಡಬ್ಬಿಯಲ್ಲಿ ಇದ್ದದ್ದೂ ಅದೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಗೂಡಿನಲ್ಲಿ ಸುಟ್ಟ ಚಿಪ್ಪಿನ ಸುಣ್ಣದಲ್ಲಿ ಬೂದಿ, ರಂಜಕ ಬೆರೆತಿರುವುದರಿಂದ ಆಹಾರದರ್ಜೆಯ ಸುಣ್ಣ ತರಿಸಿದೆ. ಲೀಟರಿಗೆ ಒಂದೂವರೆ ಗ್ರಾಂ ಕರಗುತ್ತದೆ, ಉಳಿದದ್ದು ತಳದಲ್ಲಿ ಕೂರುತ್ತದೆ, ಮೇಲಿನ ತಿಳಿಯನ್ನಷ್ಟೇ ಬಳಸಬೇಕು. ಅದರ ಪಿಎಚ್ 12ಕ್ಕೂ ಮೇಲೆ. ಹನಿಹನಿಯಾಗಿ ಬಿಡಬೇಕೆಂದು ಓದಿದ್ದರೂ, ಸಂಪಿಗೆ ತಾನೇ ಎಂದು ಮೊದಲ ದಿನ ಒಂದು ಲೀಟರ್ ತಿಳಿಯನ್ನು ಒಮ್ಮೆಲೇ ಹೊಯ್ದೆ. ಹೊಯ್ದ ಜಾಗದಲ್ಲಿ ನೀರು ಹಾಲಿನಂತಾಯಿತು. ಆ ಬಿಳಿಯ ಮೋಡ ಪಂಪಿನೊಳಗೆ ಹೊಕ್ಕು ಮೇಲೆ ಟ್ಯಾಂಕಿನಲ್ಲಿ ಎಳೆಎಳೆಯಾಗಿ ಹೊರಬಂತು. ಕ್ಲೌನ್‌ಗಳೆರಡೂ ಮೂಲೆಗೆ ಹೋಗಿ ನಿಂತವು. ಪಿಎಚ್ 8.1ರಿಂದ 8.4ರ ಹತ್ತಿರ ಹೋಗಿತ್ತು. ಯಾವ ಜೀವವೂ ಹೋಗಲಿಲ್ಲ. ಪಂಪನ್ನು ಬಿಚ್ಚಿದಾಗ ಒಳಗಿನ ಚಕ್ರದ ಮೇಲೆ ಸುಣ್ಣ ಗರಿಗಟ್ಟಿತ್ತು. ನಿಂಬೆಹುಳಿ ಕರಗಿಸಿದ ನೀರಿನಲ್ಲಿ ಅರ್ಧ ತಾಸು ಮುಳುಗಿಸಿದ್ದಕ್ಕೆ ಬಿಟ್ಟಿತು.

ಈಗ 0.4 ಗ್ರಾಂ ಸುಣ್ಣವನ್ನು ರಾತ್ರಿ ತುಂಬುವ 4 ಲೀಟರ್ ಶುದ್ಧನೀರಿನಲ್ಲಿ ಕರಗಿಸಿ, ಆಸ್ಪತ್ರೆಯ ಸಲೈನ್ ನಳಿಕೆಯಿಂದ ಸಂಪಿಗೆ ಹನಿಸುತ್ತೇನೆ. ಇದು ಲೆಕ್ಕಕ್ಕೆ ದಿನಕ್ಕೆ 0.15 ಡಿಕೆಎಚ್, ಹನ್ನೆರಡು ರಾತ್ರಿಗಳಲ್ಲಿ 8.2ಕ್ಕೆ ಬಂದಿತು. ಅಲ್ಲಿಂದ ವಾರಕ್ಕೆರಡು ರಾತ್ರಿ ಸಾಕಾಗುತ್ತಿದೆ.

ಜುಲೈನಲ್ಲಿ ಮರ ಬಿದ್ದು ಹದಿನಾಲ್ಕು ತಾಸು ಕರೆಂಟ್ ಇರಲಿಲ್ಲ. ಇನ್ವರ್ಟರಿಗೆ ಅಲೆ ಎಬ್ಬಿಸುವ 10 ವ್ಯಾಟಿನ ಪಂಪ್ ಒಂದನ್ನೇ ಜೋಡಿಸಿದ್ದೇನೆ. ನೀರಿನ ಮೇಲ್ಮೈ ಅಲ್ಲಾಡುತ್ತಿದ್ದರೆ ಆಮ್ಲಜನಕ ಕರಗುತ್ತದೆ, ಬೆಳಕು ಮತ್ತು ನೊರೆಯೆಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಒಂದು ದಿನ ಇಲ್ಲದಿದ್ದರೂ ನಡೆಯುತ್ತದೆ. ಸಂಪಿನ ಮಟ್ಟ ಆ ದಿನವೂ ಅಂಚಿಗೆ ಮೂರು ಇಂಚು ಕೆಳಗೇ ನಿಂತಿತ್ತು.

ವಾರದ ಕೆಲಸ ಒಟ್ಟು ಒಂದೂವರೆ ತಾಸು: ಭಾನುವಾರ ಬೆಳಿಗ್ಗೆ 20 ಲೀಟರ್ ಬದಲಿಸುವುದು, ಗಾಜು ಕೆರೆಯುವುದು, ಸ್ಕಿಮ್ಮರಿನ ಕಪ್ಪು ತೊಳೆಯುವುದು, ಕ್ಷಾರೀಯತೆ ಮತ್ತು ನೈಟ್ರೇಟ್ ಅಳೆದು ಬರೆಯುವುದು. ಪ್ಲಗ್ಗುಗಳ ಸುತ್ತ ಕೂತ ಉಪ್ಪಿನ ಪೊರೆಯನ್ನು ಒದ್ದೆ ಬಟ್ಟೆಯಿಂದ ಒರೆಸುವುದೂ ಅದರಲ್ಲಿ ಸೇರಿದೆ, ಸ್ವಿಚ್ ಆರಿಸಿ. ಬಾಕಿ ಉಳಿದಿರುವುದು ಚಿರೆಕಲ್ಲಿನ ಕಂಬಗಳಿಗೆ ಗಿಲಾಯಿ; ನೀರು ತುಂಬಿರುವಾಗ ಗೌಂಡಿ ಅದನ್ನು ಮುಟ್ಟಲು ಒಪ್ಪುತ್ತಿಲ್ಲ, ಹಾಗಾಗಿ ಬ್ರಶ್ಶಿನಿಂದ ಎಪಾಕ್ಸಿ ಬಳಿಯುವ ಕೆಲಸವನ್ನು ಮಳೆ ನಿಂತ ಮೇಲೆ ನಾನೇ ಮಾಡಬೇಕು. ಕಳೆದ ವಾರ ಗಾಜು ಕೆರೆಯುವಾಗ, ಬಂಡೆಯ ಎಡಬದಿಯಲ್ಲಿ, ಸಿಮೆಂಟಿನಿಂದ ಬಳಚಿನ ಚಿಪ್ಪಿನ ಒಂದು ಅಂಚು ಹೊರಗೆ ಚಾಚಿದ ಕಡೆ, ಕೊತ್ತಂಬರಿ ಕಾಳಿನಷ್ಟು ಕೆನ್ನೀಲಿ ಚುಕ್ಕೆಯೊಂದು ಕಂಡಿತು. ಉಗುರಿನಿಂದ ಕೆರೆದು ನೋಡಿದೆ, ಏಳಲಿಲ್ಲ. ಶಂಖದ ಬೆನ್ನೇರಿ ಬಂದ ಸುಣ್ಣದ ಪಾಚಿ ಅದು, ಕೋರಲೈನ್. ಸುತ್ತ ಇನ್ನೂ ನಾಲ್ಕು ಚುಕ್ಕೆಗಳಿವೆ.